ಒಳಮೈ ಹೊರಗಾದ ಓಣಿ

ಮೈಕಿನಲ್ಲಿ ಬರುತ್ತಿರುವುದು ತನ್ನದೇ ವಾಕ್ಯ, ಗಂಟಲು ಮಾತ್ರ ಲೈಬ್ರರಿ ಮೇಡಮ್ ಅವರದು — ನಮ್ಮ ಓಣಿ, ಒಳಮೈ ಹೊರಗೆ ಮಾಡಿ ಒಣಹಾಕಿದ ಅಂಗಿ, ಹೊಲಿಗೆಯೆಲ್ಲ ದಾರಿಹೋಕರ ಕಣ್ಣಿಗೆ — ಮೊದಲ ಅಧ್ಯಾಯದ ಮೊದಲ ಸಾಲು, ಹೊಲಿಗೆ ಮಿಷನ್ನಿನ ಮುಂದೆ ಯಾರದೋ ಕಾಲರು ತಿರುವಿಹಾಕುವಾಗ ಹೊಳೆದದ್ದು, ಅಳತೆ ಚೀಟಿಯ ಬೆನ್ನಿಗೆ ಗೀಚಿಕೊಂಡದ್ದು, ಆಮೇಲೆ ಇಡೀ ಕಾದಂಬರಿ ಅದರಿಂದಲೇ ಎಳೆಎಳೆಯಾಗಿ ಬಿಚ್ಚಿಕೊಂಡದ್ದು, ಮತ್ತು ಆ ಮೊದಲನೇ ಪ್ರಕಾಶಕರು ಕನ್ನಡಕ ಹಣೆಗೇರಿಸಿ, ಈ ಅಂಗಿ ಗಿಂಗಿ ಎಲ್ಲ ಯಾಕಮ್ಮ, ಇಕ್ಕಟ್ಟಾದ ಓಣಿ ಅಂತ ಬರೆದ್ರೆ ಮುಗೀತಲ್ಲ ಅಂದಾಗ, ತಾನು, ತಾನೇನಾ ಅಂದದ್ದು, ಇಕ್ಕಟ್ಟಾದ ಓಣಿ ಊರ್ತುಂಬ ಇದಾವೆ ಸಾರ್, ನಮ್ಮದು ಒಂದೇ ಇರೋದು — ಅಂದು ಹಸ್ತಪ್ರತಿ ಕಂಕುಳಲ್ಲಿಟ್ಟು ಮೆಟ್ಟಿಲಿಳಿದವಳು, ಮೂರು ವರ್ಷ ಬಾಗಿಲು ಬಾಗಿಲು ಅಲೆದರೂ ಆ ಸಾಲಿಗೆ ಕತ್ತರಿ ತಾಗಿಸದವಳು, ಇರಲಿ, ಈಗ ಅಚ್ಚಾಗಿದೆ, ಇವತ್ತು ಓಣಿಯವರೆದುರೇ ಬಿಡುಗಡೆಯಾಗಿದೆ, ಬೆನ್ನು ತಾನಾಗಿ ನೆಟ್ಟಗಾಗುತ್ತಿದೆ — ಓದು ಯಾಕೆ ನಿಂತಿತು, ಯಾರೋ ಎದ್ದರು, ನಲ್ಲಿ ರಿಪೇರಿಯ ಅಣ್ಣ, ಎದುರುಮನೆಯವನು, ಅವನು ಜೋಡಿಸಿದ ಪೈಪುಗಳೂ ಎರಡನೇ ಪುಟದಲ್ಲಿವೆ, ಗೋಡೆಯ ಮೇಲೆ ಉಬ್ಬಿದ ನರಗಳ ಹಾಗೆ, ಅಯ್ಯೋ — ಅಲ್ಲಮ್ಮಾ, ನಮ್ಮ ಓಣೀನ ತಿರುಗಾಮುರುಗಾ ಅಂಗಿ ಅಂತೀಯಲ್ಲ, ನಮ್ಮ ಮಾನ ಏನಾಗ್ಬೇಕು — ಯಾರೋ ಕಿಸಕ್ಕೆಂದರು, ಪ್ರಕಾಶಕರಿಗೂ ಬಿಟ್ಟುಕೊಡದ ಸಾಲು, ಓಣಿಯವರಿಗೇ ಚುಚ್ಚುವುದಾದರೆ ಯಾವ ಸುಖಕ್ಕೆ ಈ ಸಾಲು, ಅಷ್ಟರಲ್ಲಿ ಮುಂದಿನ ಕುರ್ಚಿಯಿಂದ ಅತ್ತೆ, ತನಗೆ ಸೂಜಿ ಹಿಡಿಯಲು ಕಲಿಸಿದ ಅತ್ತೆ, ತಿರುಗಿಯೂ ನೋಡದೆ, ಲೋ, ಹೊಲಿಗೆ ಗಟ್ಟಿ ಇದ್ಯೋ ಇಲ್ವೋ ಅಂತ ಅಂಗೀನ ತಿರುಗ್ಸೇ ನೋಡೋದು ಕಣೋ, ನಮ್ಮದು ಗಟ್ಟಿ ಇದೆ, ಅದಕ್ಕೇ ತೋರಿಸ್ತಿದ್ದಾಳೆ, ಕೂತ್ಕೋ — ನಗು, ಅವನದೇ ಎಲ್ಲರಿಗಿಂತ ಜೋರು, ಹಂಗಾದ್ರೆ ಸರಿ, ಮುಂದೆ ಓದಿ ಮೇಡಮ್, ಚಪ್ಪಾಳೆ, ಹೌದು ತನ್ನ ಅತ್ತೆ, ಹೌದು ತನ್ನ ಸಾಲು, ಎದೆ ಕುಪ್ಪಸದೊಳಗೆ ಹಿಡಿಸುತ್ತಿಲ್ಲ, ಮೇಡಮ್ ಮುಂದಿನದನ್ನು ಓದುತ್ತಿದ್ದಾರೆ, ತನಗೆ ಕೇಳಿಸುತ್ತಿಲ್ಲ, ಅತ್ತೆ ಪುಸ್ತಕವನ್ನು ತೊಡೆಯ ಮೇಲೆ ಬಿಡಿಸಿಕೊಂಡು ಮೊದಲ ಸಾಲಿನ ಮೇಲೆ ಹೆಬ್ಬೆರಳು ಎಳೆಯುತ್ತಿದ್ದಾರೆ, ಮೆಲ್ಲಗೆ, ಎಲ್ಲಾದರೂ ದಾರ ಸಡಿಲವಿದೆಯೇ ಎಂದು ನೋಡುವವರಂತೆ, ಆ ತುದಿಯವರೆಗೆ, ಮತ್ತೆ ಈ ತುದಿಯಿಂದ, ಆ ಹೆಬ್ಬೆರಳು, ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಆ ಹೆಬ್ಬೆರಳು