ಮುಂದೆ ಹೋದ ಗಚ್ಚಿನ ಹಾಡು

ಗೋವಾ ವಿಶ್ವವಿದ್ಯಾಲಯದ ಕಲಾ ವಿಭಾಗದ ಬಾಗಿಲ ಪಕ್ಕ ಒಂದು ಹಲಗೆ ಇದೆ. ಬರುವ ದಿನಗಳಲ್ಲಿ ಯಾವ ಭಾಷಣ, ಯಾವ ನಾಟಕ, ಯಾವ ಚಿತ್ರಗಳ ಪ್ರದರ್ಶನ ಎಂದು ಅಲ್ಲಿ ಹಾಳೆ ಹೊಡೆಯುತ್ತಾರೆ. ಅದು ನನ್ನ ಕೆಲಸವಲ್ಲ, ನಾನು ಗುತ್ತಿಗೆಯ ಮೇಲೆ ತೋಟ ನೋಡಿಕೊಳ್ಳುವವನು. ಆದರೂ ಹಾಳೆ ಹೊಡೆಯುವವನು ನಾನೇ, ಕೀಳುವವನೂ ನಾನೇ. ಮೂರನೇ ಈಯತ್ತೆಯವರೆಗೆ ಓದಿದವನಿಗೆ ಅಲ್ಲಿಯ ಇಂಗ್ಲಿಷ್ ತಿಳಿಯುವುದಿಲ್ಲ, ಅಂಕಿ ತಿಳಿಯುತ್ತದೆ. ಏಳನ್ನು ಕಿತ್ತು ಹದಿನಾಲ್ಕು ಹೊಡೆ, ಹದಿನಾಲ್ಕನ್ನು ಕಿತ್ತು ಇಪ್ಪತ್ತಾರು ಹೊಡೆ ಎನ್ನುತ್ತಿದ್ದರು. ಹೊಡೆಯುತ್ತಿದ್ದೆ. ಯಾರ ಭಾಷಣ ಯಾವಾಗ ಆದರೆ ನನಗೇನು?

ಆ ಹಲಗೆಯ ಮೇಲೆ ನನ್ನ ಹೆಂಡತಿ ಶಿವವ್ವನ ಹೆಸರು ಬಂದ ವರ್ಷ ಮಾತ್ರ ನನ್ನ ತಾಳ್ಮೆ ಹೋಯಿತು. 2008ನೆಯ ಇಸವಿ.

ಕಲಾ ವಿಭಾಗದಲ್ಲಿ ಪಾಠ ಹೇಳುವ ಅಂಬಿಕಾ ಮೇಡಂ ಕಾರವಾರದವರು, ನಮ್ಮ ಜೊತೆ ಕನ್ನಡದಲ್ಲೇ ಮಾತಾಡುವರು. ಗೋವಾಕ್ಕೆ ದುಡಿಯಲು ಬಂದವರ ಹಾಡುಗಳ ಒಂದು ಕಾರ್ಯಕ್ರಮ ಮಾಡಬೇಕೆಂದು ಅವರ ಆಸೆ. ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನನ್ನ ಹೆಂಡತಿ ಗಚ್ಚು ಬಡಿಯುವಾಗ ಹಾಡುತ್ತಿದ್ದಳು ಎಂದೆ.

ಗಚ್ಚು ಎಂದರೆ ಮಾಳಿಗೆಯ ಮೇಲೆ ಹರಡುವ ಸುಣ್ಣ, ಇಟ್ಟಿಗೆ ಚೂರು. ಮಳೆ ಸೋರದಂತೆ ಅದನ್ನು ಎರಡು ಮೂರು ದಿನ ಕಟ್ಟಿಗೆಯ ಕೊಡತಿಯಿಂದ ಬಡಿಯಬೇಕು. ಹೆಂಗಸರು ಎರಡು ಸಾಲಾಗಿ ಎದುರುಬದುರು ಕೂತು ಬಡಿಯುತ್ತಿದ್ದರು. ಒಂದು ಸಾಲಿನವಳು ಹಾಡಿನಲ್ಲಿ ಕೇಳುವಳು, ಎದುರು ಸಾಲಿನವಳು ಹಾಡಿನಲ್ಲೇ ಉತ್ತರ ಕೊಡುವಳು. ನಾವು ವಾಸ್ಕೋದ ಬಾಯ್ನಾದಲ್ಲಿ ಇದ್ದ ಇಪ್ಪತ್ತು ವರ್ಷ ಕೇಳುವವಳು ಶಿವವ್ವ, ಉತ್ತರ ಕೊಡುವವಳು ಪಕ್ಕದ ಗುಡಿಸಲಿನ ದಸ್ತಗೀರಬಿ. ಅವಳ ಅರ್ಧ ಇವಳಿಗೆ ಬಾರದು, ಇವಳ ಅರ್ಧ ಅವಳಿಗೆ ಬಾರದು. ಕಲಿಯಬಾರದೆಂದೇ ಪದ್ಧತಿ. ಉತ್ತರ ಮೊದಲೇ ಗೊತ್ತಿದ್ದರೆ ಕೇಳುವವಳ ಕೈ ಸಡಿಲಾಗುತ್ತದಂತೆ.

2004ರಲ್ಲಿ ಬಾಯ್ನಾದ ಮನೆಗಳನ್ನು ಕೆಡವಿದರು. ನಾವು ಪಣಜಿಯ ಕಡೆ ಬಂದು ಒಂದು ಕೋಣೆ ಹಿಡಿದೆವು. ದಸ್ತಗೀರಬಿ ಮಗಳ ಮನೆಯೆಂದು ಘಟ್ಟದ ಬುಡದ ಕಾಡೂರು ಮೊಲೆಂಗೆ ಹೋಗಿ ರಸ್ತೆ ಕೆಲಸಕ್ಕೆ ಸೇರಿದಳು. ಅಂದಿನಿಂದ ಇಬ್ಬರೂ ಹಾಡಿರಲಿಲ್ಲ. ಶಿವವ್ವ ನಲವತ್ತು ಸಲ ಅರ್ಧ ಹಾಡು ಗುನುಗಿ ನಿಲ್ಲಿಸಿದ್ದನ್ನು ನಾನು ಕೇಳಿದ್ದೇನೆ. ಮೇಡಂ ಬಂದು ಕೇಳಿದಾಗ ಅವಳು ಒಂದೇ ಮಾತು ಹೇಳಿದಳು.

"ದಸ್ತಗೀರಿ ಬಂದ್ರ ಹಾಡತೇನ್ರಿ. ಇಲ್ಲಂದ್ರ ಒಲ್ಲೆ."

ಆಗಲಿ ಎಂದರು ಮೇಡಂ. ಕರೆಯಲು ಹೋಗಬೇಕಾದವನು ನಾನು. ದಸ್ತಗೀರಬಿಯ ಅಳಿಯನ ಹತ್ತಿರ ಮೊಬೈಲ್ ಇತ್ತು, ಆ ಕಾಡಿನಲ್ಲಿ ಅದು ಹತ್ತುತ್ತಿರಲಿಲ್ಲ. ಎರಡು ಬಸ್ಸು ಬದಲಿಸಿ ಹೋಗಿ ಶುಕ್ರವಾರ ಬಾ ಎಂದು ಹೇಳಿ ಬಂದೆ. ಆ ಶುಕ್ರವಾರ ಸಭಾಂಗಣದಲ್ಲಿ ಪರೀಕ್ಷೆ ಇಟ್ಟರು. ಮತ್ತೆ ಹೋಗಿ ಬುಧವಾರ ಎಂದೆ. ಬುಧವಾರ ಬೇರೆ ದೇಶದ ಯಾರೋ ದೊಡ್ಡ ವಿದ್ವಾಂಸರು ಬಂದರು, ಸಭಾಂಗಣ ಅವರಿಗೆ ಹೋಯಿತು. ಮೂರನೆಯ ಸಲ ಏನಾಯಿತೆಂದು ಮೇಡಂಗೂ ಗೊತ್ತಿರಲಿಲ್ಲ. ಮೇಲಿನಿಂದ ಚೀಟಿ ಬಂತು, ನಾನು ಹಾಳೆ ಕಿತ್ತೆ. ಪ್ರತಿ ಸಲವೂ ದಸ್ತಗೀರಬಿ ಕೆಲಸ ಬಿಟ್ಟು ತಲೆ ಬಾಚಿಕೊಂಡು ಕೂತಿದ್ದಳು, ಪ್ರತಿ ಸಲವೂ ನಾನು ಹೋಗಿ ಬೇಡ ಎಂದಿದ್ದೆ. ಶಿವವ್ವ ರೊಟ್ಟಿ ಬಡಿಯುತ್ತ, ನಿಮ್ಮ ವಿಶ್ವವಿದ್ಯಾಲಯದಲ್ಲಿ ಕ್ಯಾಲೆಂಡರ್ ಇಲ್ಲವೇ ಎಂದು ಕೇಳಿದಳು. ನನ್ನದಂತೆ, ವಿಶ್ವವಿದ್ಯಾಲಯ!

ಕಡೆಗೆ ಮೇಡಂ ನನ್ನನ್ನೇ ಕರೆದು ನೀವೇ ಒಂದು ದಿನ ಹೇಳಿ ಎಂದರು. ಅಮಾವಾಸ್ಯೆ ಇಡಿ ಎಂದೆ. ನಮ್ಮ ಕಡೆಯ ಗಾರೆ ಕೆಲಸದವರು, ರಸ್ತೆ ಕೆಲಸದವರು ಅಮಾವಾಸ್ಯೆಗೆ ಗುದ್ದಲಿ ಮುಟ್ಟುವುದಿಲ್ಲ. ಗುಂಪಿಗೆ ಗುಂಪೇ ರಜೆ, ಅದರಲ್ಲಿ ದಸ್ತಗೀರಬಿಗೂ ರಜೆ. ಮೇಡಂ ಗೋಡೆಯ ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕೆ ಹುಡುಕಿದರು. ಸೋಮವಾರ ಬಂತು. ಹಾಳೆ ಹೊಡೆದೆ.

ನಾಲ್ಕನೆಯ ಸಲ ದಿನ ಹೇಳಲು ಮೊಲೆಂಗೆ ಹೋದಾಗ ದಸ್ತಗೀರಬಿ ಚಹಾ ಕೊಟ್ಟಳು, ಮುಖ ಕೊಡಲಿಲ್ಲ. ಸೋಮವಾರ ಎನ್ನಲು ಬಾಯಿ ತೆರೆದೆ. ಕೈ ಎತ್ತಿ ತಡೆದಳು.

"ವಾರದ ಹೆಸರ ಹೇಳಬ್ಯಾಡ ಪರಮಣ್ಣ. ಮೂರು ವಾರ ಹೇಳಿ ಮೂರೂ ಕೆಡಿಸೀದಿ."

"ಅಮಾಸಿ ದಿನ ಐತೆವಾ."

"ಹಾಂ, ಇದು ಮಾತು. ಅಮಾಸಿನ ಮುಂದ ಹಾಕಾಕ ನಿಮ್ಮ ಸಾಹೇಬರ ಕೈಲೂ ಆಗೂದಿಲ್ಲ."

ಇಬ್ಬರೂ ನಕ್ಕೆವು. ಸೋಮವಾರ ಎಂಬ ಮಾತು ನನ್ನ ಬಾಯಲ್ಲೇ ಉಳಿಯಿತು.

ಸೋಮವಾರ ವಾಸ್ಕೋದಿಂದ ಸಾಲಿನಲ್ಲಿ ಕೂತು ಬಡಿಯಲು ನಾಲ್ಕು ಜನ ಹೆಂಗಸರು ಬಂದರು, ಹಾಡಿನ ಉತ್ತರ ಅವರಿಗೆ ಬಾರದು. ದಸ್ತಗೀರಬಿ ಬರಲಿಲ್ಲ. ಹನ್ನೊಂದರ ಬಸ್ಸು ನೋಡಿದೆ, ಹನ್ನೆರಡರದ್ದೂ ನೋಡಿದೆ. ಆ ಸಲ ಅಮಾವಾಸ್ಯೆ ಹತ್ತಿದ್ದು ಸೋಮವಾರ ಮಧ್ಯಾಹ್ನ, ಬಿಟ್ಟದ್ದು ಮಂಗಳವಾರ ಮಧ್ಯಾಹ್ನ. ರಾತ್ರಿ ಅಮಾವಾಸ್ಯೆ ಇದ್ದ ದಿನ ಹಿಡಿಯುವವರು ನಾವು, ಸೂರ್ಯ ಹುಟ್ಟುವಾಗ ಇದ್ದ ದಿನ ಹಿಡಿಯುವವರು ಮೊಲೆಂನ ಅವಳ ಗುಂಪಿನವರು. ಐವತ್ತು ವರ್ಷದಿಂದ ಈ ಜಗಳ ನೋಡಿದವನು ನಾನು. ಅವಳ ಲೆಕ್ಕಕ್ಕೆ ಅಮಾವಾಸ್ಯೆ ನಾಳೆ ಎಂಬುದು ಬಸ್ ನಿಲ್ದಾಣದಲ್ಲಿ ನಿಂತಾಗ ನೆನಪಾಯಿತು. ಸಾಹೇಬರನ್ನು ಬೈಯುವುದಕ್ಕೆ ಈಗ ನನಗೆ ಬಾಯಿ ಉಳಿಯಲಿಲ್ಲ.

ಶಿವವ್ವ ಒಲ್ಲೆ ಎಂದಳು. ಮೇಡಂ ಕೈ ಮುಗಿದರು, ಜನ ಬಂದು ಕೂತಿದ್ದರು. ಅವಳು ವೇದಿಕೆಯ ಮೇಲೆ ಕೂತಳು, ಎದುರು ಇಬ್ಬರು, ಪಕ್ಕ ಇಬ್ಬರು. ಹೊಸ ನೆಲ ಹಾಳಾಗುತ್ತದೆಂದು ಕೊಡತಿಯ ಕೆಳಗೆ ಚಾಪೆ ಹಾಸಿದ್ದರು. ಶಬ್ದ ಹಾಸಿಗೆ ಒದರಿದಂತೆ ಬಂತು.

"ಯಾರ ಮನಿಯ ಮಾಳಿಗಿ ತಂಗಿ, ಯಾರಿಗಿ ನೆರಳ ಆದೀತ?"

ಶಿವವ್ವ ಕೇಳಿದಳು. ಉತ್ತರ ಬರಬೇಕಾದ ಹೊತ್ತಿನಷ್ಟು ಸುಮ್ಮನೆ ಬಡಿದಳು. ಮತ್ತೊಂದು ಕೇಳಿದಳು, ಮತ್ತೆ ಸುಮ್ಮನೆ ಬಡಿದಳು. ಹೀಗೆ ಒಂಬತ್ತು ಸಲ. ಸಭೆ ಜೋರಾಗಿ ಚಪ್ಪಾಳೆ ಹೊಡೆಯಿತು. ಆ ಮೌನ ಎಷ್ಟು ಚೆಂದ ಎಂದು ಕನ್ನಡಕದ ಒಬ್ಬರು ಹೊಗಳಿದರೆಂದು ಮೇಡಂ ಬಂದು ಹೇಳಿದರು.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ದಸ್ತಗೀರಬಿ ಹಲಗೆಯ ಮುಂದೆ ನಿಂತಿದ್ದಳು. ಹೊಸ ಸೀರೆ, ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಕೊಡತಿ. ನಾನು ಶಿವವ್ವನ ಹಾಳೆ ಕೀಳುತ್ತಿದ್ದೆ.

ನಾನು ಎಲ್ಲ ಹೇಳಿದೆ. ಅಷ್ಟರಲ್ಲಿ ಮೇಡಂ ಬಂದರು, ವಿಷಯ ಕೇಳಿ ಕಣ್ಣರಳಿಸಿದರು. ನಿನ್ನೆಯದನ್ನು ಟೇಪಿನಲ್ಲಿ ಹಿಡಿದಿದ್ದೇವೆ, ಖಾಲಿ ಬಿಟ್ಟಲ್ಲಿ ನೀವು ಉತ್ತರ ಹಾಡಿ, ಎರಡನ್ನೂ ಜೋಡಿಸುತ್ತೇವೆ ಎಂದು ಯಂತ್ರ ತಂದು ಹಚ್ಚಿದರು. ಶಿವವ್ವನ ದನಿ ಬಂತು. ದಸ್ತಗೀರಬಿ ಒಂದು ಪ್ರಶ್ನೆಗೆ ಕಿವಿಗೊಟ್ಟಳು, ಎರಡನೆಯದಕ್ಕೂ ಕಿವಿಗೊಟ್ಟಳು. ತುಟಿ ಅಲ್ಲಾಡಿತು.

"ಬಂದ್ ಮಾಡ್ರಿ ಅದನ್ನ," ಎಂದಳು. "ಪೆಟಿಗಿಗೆ ಉತ್ತರ ಕೊಡಾಕ ನಾ ಬಂದಿಲ್ರಿ ಅಕ್ಕಾರ. ಆಕಿ ಎಲ್ಲಿ ಅದಾಳ?"

ಶಿವವ್ವ ತನ್ನ ಅಮಾವಾಸ್ಯೆ ಮುಗಿಸಿ ಕೆಲಸಕ್ಕೆ ಹೋಗಿದ್ದಳು. ವಿಶ್ವವಿದ್ಯಾಲಯದ ಗುಡ್ಡದ ಕೆಳಗೆ ಒಂದು ಕಟ್ಟಡಕ್ಕೆ ಹೊಸದಾಗಿ ಸ್ಲ್ಯಾಬ್ ಹಾಕಿದ್ದರು, ಅದಕ್ಕೆ ನೀರು ಬಿಡುವ ಕೆಲಸ. ನಾನು ಯಾರಿಗೂ ಹೇಳದೆ ದಸ್ತಗೀರಬಿಯನ್ನು ಕರೆದುಕೊಂಡು ಇಳಿದೆ. ಅರ್ಧ ದಿನದ ಗೈರುಹಾಜರಿ ಬೀಳುವುದು ಗೊತ್ತಿತ್ತು, ಬೀಳಲಿ.

ಮೇಲೆ ಶಿವವ್ವ ಪೈಪು ಹಿಡಿದು ನಿಂತಿದ್ದಳು. ಕೆಳಗೆ ಇವಳು. ನಾಲ್ಕು ವರ್ಷದ ಮೇಲೆ ಕಂಡವರು ಮೊದಲು ಮಾತಾಡಿದ್ದು ಅಮಾವಾಸ್ಯೆಯ ಬಗ್ಗೆ.

"ನಿನ್ನಿ ಎಲ್ಲಿ ಸತ್ತಿದ್ದೆ?"

"ನಿನ್ನಿ ಎಲ್ಲೀದು ಅಮಾಸಿ? ಸೂರ್ಯಾ ನೋಡಿ ದಿನಾ ಹಿಡೀತಾರ, ದೆವ್ವದಂಗ ರಾತ್ರಿ ನೋಡೂದಿಲ್ಲ."

"ಸಾಬರಾಕಿ ನನಗ ಅಮಾಸಿ ಕಲಿಸಾಕ ಬಂದಾಳ ನೋಡು."

"ನಿನಗ ಕಲಿಸಾಕ ಯಾರರ ಬೇಕಲ್ಲ ಶಿವಕ್ಕ."

ಹೀಗೇ ಬಹಳ ಹೊತ್ತು ನಡೆಯಿತು. ನಾನು ಇಟ್ಟಿಗೆಯ ರಾಶಿಯ ಮೇಲೆ ಕೂತೆ. ಬೈಯುತ್ತ ಬೈಯುತ್ತಲೇ ದಸ್ತಗೀರಬಿ ಏಣಿ ಹತ್ತಿದಳು. ಮೇಲೆ ಹೋಗಿ, ಬಡಿಯಲು ಬುಟ್ಟಿಯೊಂದನ್ನು ಬೋರಲು ಹಾಕಿ ಅದರ ಎದುರು ಕೂತು ಬಟ್ಟೆ ಬಿಚ್ಚಿ ಕೊಡತಿ ತೆಗೆದಳು. ಶಿವವ್ವ ಪೈಪು ಬಿಟ್ಟು ಒಂದು ಕಟ್ಟಿಗೆಯ ತುಂಡು ಹುಡುಕಿಕೊಂಡು ಎದುರು ಕೂತಳು. ಕೆಳಗಿನ ಮೇಸ್ತ್ರಿ ಹೊಳೆಪ್ಪ ಏನಿದು ಎಂದು ಕೂಗಿದ. ಮೇಸ್ತ್ರಿಯ ಹೆಸರು ಹಿಡಿದು ಹಂಗಿಸುವುದು ಆ ಹಾಡಿನಲ್ಲಿ ಮೊದಲಿನಿಂದ ಉಂಟು, ಅವನಿಗೆ ಅದು ಗೊತ್ತಿರಲಿಲ್ಲ.

"ಹೊಳೆಪ್ಪ ಮೇಸ್ತ್ರಿ ಎಲ್ಲ್ಯಾನ ತಂಗಿ, ಏನ ಮಾಡತಾನ?"

"ನೆರಳ ಎಲ್ಲೈತಿ ಅಲ್ಲ್ಯಾನ ಅಕ್ಕಾ, ನಮ್ಮ ಎಣಸತಾನ."

ಕಟ್ಟಡದ ಮೂರೂ ಅಂತಸ್ತಿನವರು ನಕ್ಕರು. ಹೊಳೆಪ್ಪನೂ ನಕ್ಕ, ಆಮೇಲೆ ಪೈಪಿನ ನೀರು ಗೋಡೆಗುಂಟ ಹರಿದು ಸಿಮೆಂಟ್ ಚೀಲಗಳ ಕಡೆ ಬರುವುದನ್ನು ಕಂಡು ಬೊಬ್ಬೆ ಹಾಕಿದ. ಹಾಡು ಇನ್ನೂ ನಾಲ್ಕನೆಯ ಪ್ರಶ್ನೆಗೆ ಬಂದಿತ್ತು. ಹಾಡುವವರಿಬ್ಬರೂ ತಿರುಗಿ ನೋಡಲಿಲ್ಲ. ನಾನು ಏಣಿ ಹತ್ತಿ ಹೋಗಿ, ಪೈಪು ಎತ್ತಿಕೊಂಡು, ಅವರ ಸೀರೆಗೆ ಸಿಡಿಯದಂತೆ ಸ್ಲ್ಯಾಬಿನ ಆಚೆ ತುದಿಯಿಂದ ನೀರು ಬಿಡುತ್ತ ಬಂದೆ.