ವೆಲ್ಡಿಂಗ್ ಮೆಷಿನ್ನಿನ ಜೇಡ

ಹರಿದ ಬಟ್ಟೆಗೆ ದರ್ಜಿಯ ಸೂಜಿ ಹೇಗೋ, ಬಿರುಕು ಬಿಟ್ಟ ಕಬ್ಬಿಣಕ್ಕೆ ಕಿಡಿಯಣ್ಣನ ಕೈ ಹಾಗೆ. ಬಾಯ್ಲರಿನ ಕೊಳವೆಗೆ ಅವನು ಬೆಸುಗೆ ಹಾಕಿದನೆಂದರೆ ನೀರಿರಲಿ, ಹಬೆಯೂ ಹೊರಗೆ ಇಣುಕುತ್ತಿರಲಿಲ್ಲ. ಬೆಸುಗೆಯ ರಾಡಿಗೆ ಬೆಂಕಿ ಹೊತ್ತಿಸುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚಿ, "ದೇವರೇ, ಕೈ ನಂದು, ಕೆಲಸ ನಿಂದು" ಎನ್ನುವುದು ಅವನ ರೂಢಿ.

ಆ ಕೈಯ ಹೆಸರಿನಲ್ಲೇ ಪರದೇಶದ ಧಣಿಯೊಬ್ಬ ವೀಸಾ ಮಾಡಿಸಿ, ಹೆಂಡತಿ ಮಗಳ ಸಮೇತ ಅವನನ್ನು ಕರೆಸಿಕೊಂಡಿದ್ದ. ಆದರೆ ಬಂದ ಮೇಲೆ ಆ ಕೈಗೆ ಸಿಕ್ಕಿದ್ದು ಟೈರು.

"ವರ್ಕ್‌ಶಾಪಲ್ಲಿ ಈಗ ಕೆಲಸ ಕಡಿಮೆ. ಸ್ವಲ್ಪ ದಿನ ಗೋಡೌನ್ ನೋಡ್ಕೊ" ಎಂದಿದ್ದ ಧಣಿ. ಆ ಸ್ವಲ್ಪ ದಿನ ರಬ್ಬರಿನ ಹಾಗೆ ಹಿಗ್ಗಿ ಹಿಗ್ಗಿ ಒಂದು ಚಳಿಗಾಲವನ್ನೇ ನುಂಗಿತು. ಲಾರಿಯಿಂದ ಟೈರು ಇಳಿಸುವುದು, ಉರುಳಿಸುವುದು, ಒಂದರ ಮೇಲೊಂದು ಪೇರಿಸುವುದು. ಸಂಜೆ ಎಷ್ಟು ಸೋಪು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಬಿಡುತ್ತಿರಲಿಲ್ಲ. "ಅಪ್ಪಾ, ನೀನು ಲಾರಿ ವಾಸನೆ" ಎಂದು ಮಗಳು ಮೂಗು ಹಿಡಿದುಕೊಂಡು ನಗುತ್ತಿದ್ದಳು.

ಒಂದು ಶುಕ್ರವಾರ ಧಣಿ ಗೋಡೌನಿಗೇ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಕಿಡಿಯಣ್ಣ, ಸೋಮವಾರ ವಲಸೆ ಇಲಾಖೆಯವರು ತಪಾಸಣೆಗೆ ಬರ್ತಾರೆ. ನೀನು ಮುಖಕ್ಕೆ ಶೀಲ್ಡ್ ಹಾಕ್ಕೊಂಡು ಮೆಷಿನ್ ಹತ್ರ ನಿಂತಿರು. ಕೇಳಿದ್ರೆ ದಿನಾ ಇದೇ ಕೆಲಸ ಅನ್ನು. ಅಷ್ಟೇ ಕಣಪ್ಪ."

ಧಣಿ ನಮ್ಮ ಭಾಷೆಯವನೇ. ಬಾಯಿ ಬೆಣ್ಣೆ. ಕಿಡಿಯಣ್ಣ ಆಗಲಿ ಎಂದು ತಲೆಯಾಡಿಸಿದ.

ಅವರು ಬಾಡಿಗೆಗಿದ್ದ ಮನೆಯಲ್ಲಿ ಎರಡು ಕೋಣೆಗಳಿಗೆ ಒಂದೇ ಅಡುಗೆಮನೆ. ಎದುರು ಕೋಣೆಯಲ್ಲಿ ನರ್ಸಕ್ಕ ಇದ್ದಳು. ಅವಳೂ ಆಸ್ಪತ್ರೆ ಮಾಡಿಸಿದ ವೀಸಾದ ಮೇಲೆಯೇ ಬಂದವಳು. ಅವನಿಗಿಂತ ಮೊದಲೇ ಬಂದು ಈ ದೇಶದ ನೀರು ಕುಡಿದವಳು. ಆ ಸಂಜೆ ಅವಳು ಚಹಾ ಸೋಸುತ್ತಿದ್ದಳು, ಕಿಡಿಯಣ್ಣನ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು.

"ಅಕ್ಕಾ, ಸೋಮವಾರ ನಂಗೊಂದು ನಾಟಕದ ಪಾತ್ರ ಸಿಕ್ಕಿದೆ" ಎಂದ ಕಿಡಿಯಣ್ಣ.

"ಹೌದಾ? ಯಾವ ಪಾತ್ರ?"

"ವೆಲ್ಡರ್ ಪಾತ್ರ."

ಹೆಂಡತಿ ನಗಲಿಲ್ಲ. ಹೆಚ್ಚುವ ಕೈ ನಿಲ್ಲಿಸಿ, "ಏನೂ ಮುಚ್ಚಿಡದೆ ಅಕ್ಕನಿಗೆ ಹೇಳಿ" ಎಂದಳು. ಅವನು ಹೇಳಿದ.

ನರ್ಸಕ್ಕ ಚಹಾದ ಲೋಟ ಅವನ ಮುಂದಿಟ್ಟಳು. "ತಮ್ಮಾ, ಟೈರ್ ಹೊರೋಕೆ ಅಂತ ಹೊರದೇಶದವರನ್ನ ಕರೆಸೋಕೆ ಇಲ್ಲಿ ಒಪ್ಪಿಗೆ ಇಲ್ಲ. ಕಸುಬು ಗೊತ್ತಿರೋ ವೆಲ್ಡರ್ ಬೇಕು ಅಂದಿದ್ದಕ್ಕೆ ಸರ್ಕಾರ ಒಪ್ಪಿದ್ದು. ನಿನ್ನನ್ನ ಆ ಕೆಲಸಕ್ಕೇ ಇಟ್ಟಿದ್ದಾರಾ, ಮಾತು ಕೊಟ್ಟ ಸಂಬಳ ಕೊಡ್ತಿದ್ದಾರಾ, ಅದನ್ನ ನೋಡೋಕೆ ಇಲಾಖೆಯವರು ಬರೋದು. ಸುಳ್ಳು ಹೇಳಿದ್ರೆ ತಪ್ಪಲ್ಲಿ ನೀನೂ ಪಾಲುದಾರ."

"ಉಂಡ ಮನೆಗೆ ಎರಡು ಬಗೆಯೋದು ಹೆಂಗಕ್ಕಾ? ಬರೋಕೆ ದಾರಿ ಮಾಡಿಕೊಟ್ಟೋರು ಧಣಿ. ಸಂಬಳ ಹೊತ್ತಿಗೆ ಸರಿಯಾಗಿ ಕೊಡ್ತಾರೆ."

"ಅವರ ಮನೇಲಿ ನೀನು ಯಾವತ್ತು ಉಂಡೆ? ನೀನು ಉಂಡಿದ್ದು ನಿನ್ನ ಬೆವರಿಂದು. ಅದಿರಲಿ, ನಿನ್ನ ಪಾಸ್‌ಪೋರ್ಟ್ ಎಲ್ಲಿದೆ?"

"ಧಣಿ ಬೀರುವಲ್ಲಿ. ಭದ್ರವಾಗಿರುತ್ತೆ ಅಂತ ಅವರೇ ಇಟ್ಕೊಂಡಿದ್ದಾರೆ."

"ಭದ್ರವಾಗಿರುತ್ತೆ ಅಂತ ನಿನ್ನ ಕನ್ನಡಕ ಇನ್ನೊಬ್ಬರ ಜೇಬಲ್ಲಿಟ್ರೆ ನಿನಗೆ ದಾರಿ ಕಾಣುತ್ತೇನೋ?"

ಈಗ ಹೆಂಡತಿ ನಕ್ಕಳು. ಆದರೆ ನಗು ಬಹಳ ಹೊತ್ತು ನಿಲ್ಲಲಿಲ್ಲ. "ನಿಜ ಹೇಳಿದ್ಮೇಲೆ ವೀಸಾನೇ ಹೋದ್ರೆ? ಮಗಳು ಈಗಷ್ಟೇ ಸ್ಕೂಲಲ್ಲಿ ಬಾಯಿ ಬಿಟ್ಟು ಮಾತಾಡೋಕೆ ಕಲ್ತಿದ್ದಾಳೆ, ಅಕ್ಕಾ."

ನರ್ಸಕ್ಕ ಸುಮ್ಮನೆ ಧೈರ್ಯ ತುಂಬುವವಳಲ್ಲ. "ಏನೂ ಆಗಲ್ಲ ಅಂತ ನಾನು ಆಣೆ ಇಡಲ್ಲ. ಕಾನೂನಿನ ಮಾತು ಗೊತ್ತಿರೋರನ್ನೇ ಕೇಳಬೇಕು. ನಾಳೆ ಕಾರ್ಮಿಕರ ಸಹಾಯ ಕೇಂದ್ರಕ್ಕೆ ಹೋಗೋಣ, ನಡೀರಿ."

ಶನಿವಾರ ಮೂವರೂ ಹೋದರು. ಬಸ್ ನಿಲ್ದಾಣದ ಮೇಲಿನ ಮಹಡಿಯ ಒಂದು ಸಣ್ಣ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು. ಅಲ್ಲಿದ್ದ ಹಿರಿಯ ವಕೀಲ ಎಲ್ಲವನ್ನೂ ಸಾವಧಾನವಾಗಿ ಕೇಳಿ, ನರ್ಸಕ್ಕನ ಮೂಲಕ ಹೇಳಿದ: ಈ ದೇಶದ ಕಾನೂನಿನಲ್ಲಿ, ತಪ್ಪು ಧಣಿಯದಾದರೆ ಕೆಲಸಗಾರ ಬೇರೆ ಧಣಿಯನ್ನು ಹುಡುಕಿಕೊಳ್ಳಲು ಕಾಲಾವಕಾಶ ಕೇಳಬಹುದು. ಅಷ್ಟರಲ್ಲಿ ಕೆಲಸ ಸಿಕ್ಕೇ ಸಿಗುತ್ತದೆಂದು ಹೇಳಲಾಗದು. ಆದರೆ ಅಧಿಕಾರಿಗೆ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಆ ಬಾಗಿಲೂ ಮುಚ್ಚಬಹುದು. ಪಾಸ್‌ಪೋರ್ಟು ಇರಬೇಕಾದ್ದು ಅವನ ಕೈಯಲ್ಲೇ.

ಹಿಂದಿರುಗುವಾಗ ಬಸ್ಸಿನಲ್ಲಿ ಕಿಡಿಯಣ್ಣ ಎರಡನ್ನೂ ತೂಗುತ್ತಾ ಕೂತ. ಒಂದು ಕಡೆ ಋಣ, ಒಂದು ಕಡೆ ನಿಜ. ಅವನ ಮನಸ್ಸು ತಕ್ಕಡಿಯ ಮುಳ್ಳಿನ ಹಾಗೆ ಆಡುತ್ತಲೇ ಇತ್ತು.

ಸೋಮವಾರ ವರ್ಕ್‌ಶಾಪಿನ ನೆಲ ಗುಡಿಸಿ ತೊಳೆದಿದ್ದರು. ಧಣಿ ಹೊಸ ಶೀಲ್ಡ್ ತರಿಸಿದ್ದ. ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಕಿತ್ತಿರಲಿಲ್ಲ. ತಪಾಸಣೆಗೆ ಬಂದವಳು ನಡುವಯಸ್ಸಿನ ಅಧಿಕಾರಿಣಿ. ಫೋನಿನಲ್ಲಿ ನಮ್ಮ ಭಾಷೆಯ ದುಭಾಷಿಯನ್ನು ಹಿಡಿದು ಕೇಳಿದಳು: "ದಿನಾ ನೀವು ಏನು ಕೆಲಸ ಮಾಡ್ತೀರಿ?"

"ಇದೇ ಕೆಲಸ, ನೋಡಿ ಬೇಕಾದ್ರೆ. ತೋರಿಸು ಕಿಡಿಯಣ್ಣ" ಎಂದು ಧಣಿಯೇ ಮುಂದೆ ಬಂದ.

ಕಿಡಿಯಣ್ಣ ರಾಡು ಎತ್ತಿಕೊಂಡ. ರೂಢಿಯಂತೆ ಕಣ್ಣು ಮುಚ್ಚಿದ. "ದೇವರೇ, ಕೈ ನಂದು..." ಎಂದವನಿಗೆ ಮುಂದಿನ ಮಾತು ಬರಲಿಲ್ಲ. ಕೆಲಸ ನಿಂದು ಎಂದು ಹೇಳಿ ಈ ಬೆಂಕಿ ಹೊತ್ತಿಸಿದರೆ, ಸುಳ್ಳಿಗೂ ದೇವರನ್ನೇ ಪಾಲುದಾರನಾಗಿ ಮಾಡಿದ ಹಾಗಲ್ಲವೇ? ಕಣ್ಣು ಬಿಟ್ಟ. ಮೆಷಿನ್ನಿನ ಹಿಡಿಗೂ ಗೋಡೆಗೂ ನಡುವೆ ಜೇಡವೊಂದು ನೆಮ್ಮದಿಯಾಗಿ ಬಲೆ ನೇಯ್ದುಕೊಂಡು ಕೂತಿತ್ತು. ನೆಲ ತೊಳೆದವರ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಅವನು ರಾಡನ್ನು ಮೆಲ್ಲಗೆ ಕೆಳಗಿಟ್ಟ.

"ಇಲ್ಲಿ ದಿನಾ ಕೆಲಸ ಮಾಡೋದು ಆ ಜೇಡ ಒಂದೇ, ತಾಯಿ. ನಾನು ವೆಲ್ಡರ್ ಹೌದು. ಆದ್ರೆ ಹಿಂದುಗಡೆ ಗೋಡೌನಲ್ಲಿ ಟೈರ್ ಹೊರ್ತೀನಿ. ನನ್ನ ಪಾಸ್‌ಪೋರ್ಟೂ ನನ್ನ ಹತ್ರ ಇಲ್ಲ."

ಫೋನಿನ ಆಚೆಯಿಂದ ದುಭಾಷಿ ಅದನ್ನು ಅನುವಾದಿಸಿದ. ಅಧಿಕಾರಿಣಿ ನಗಲೂ ಇಲ್ಲ, ಗದರಲೂ ಇಲ್ಲ. ಧಣಿಯನ್ನು ಹೊರಗೆ ಕಳಿಸಿ, ಕಿಡಿಯಣ್ಣನಿಗೆ ಕುರ್ಚಿ ಎಳೆದು ಕೊಟ್ಟು, "ಕೂತ್ಕೊಂಡು ಹೇಳಿ" ಎಂದಳು.

ಆ ದಿನವೇ ಪಾಸ್‌ಪೋರ್ಟು ಅವನ ಕೈ ಸೇರಿತು. ಹೊರದೇಶದಿಂದ ಹೊಸಬರನ್ನು ಕರೆಸಲು ಧಣಿಗಿದ್ದ ಅನುಮತಿಯನ್ನು ಇಲಾಖೆ ತಡೆಹಿಡಿಯಿತು. ಕಿಡಿಯಣ್ಣನಿಗೆ ಬೇರೆ ಕೆಲಸ ಹುಡುಕಲು ಅವಕಾಶ ಸಿಕ್ಕಿತು. ಹುಡುಕಾಟ ಹೂವಿನ ದಾರಿಯಾಗಿರಲಿಲ್ಲ. ಹಲವು ಬಾಗಿಲು ತಟ್ಟಿದ, ಹಲವು ಬಾಗಿಲು ತೆರೆಯಲೇ ಇಲ್ಲ. "ನಿಜದ ಕಾಲು ಕುಂಟಾಗಿರಬಹುದು ಕಣ್ರೀ, ದಾರಿ ಮಾತ್ರ ತಪ್ಪಲ್ಲ" ಎಂದು ಹೆಂಡತಿ ಪ್ರತಿ ಸಂಜೆ ಅನ್ನುತ್ತಿದ್ದಳು. ಅವನಿಗೆ ಹೇಳುತ್ತಿದ್ದಳೋ, ತನಗೇ ಹೇಳಿಕೊಳ್ಳುತ್ತಿದ್ದಳೋ.

ಕೊನೆಗೆ ಹಾಲಿನ ಕಾರ್ಖಾನೆಯೊಂದರ ಬಾಯ್ಲರ್ ಮನೆ ಅವನನ್ನು ಕರೆಯಿತು. ಕೈಯ ರೂಢಿ ತಪ್ಪಿ ಮೊದಲ ದಿನದ ಬೆಸುಗೆ ಕೋಳಿ ಕೆದರಿದ ಹಾಗಿತ್ತು. ಅಲ್ಲಿನ ಮೇಸ್ತ್ರಿ ಹುಬ್ಬೇರಿಸಿದ. ಕಿಡಿಯಣ್ಣ ಅದನ್ನು ಉಜ್ಜಿ ತೆಗೆದು, ಕಣ್ಣು ಮುಚ್ಚಿ, ಈ ಸಲ ಆ ಮಾತನ್ನು ಪೂರ್ತಿ ಹೇಳಿ, ಮತ್ತೆ ಹೊತ್ತಿಸಿದ. ಸಂಜೆಯ ಹೊತ್ತಿಗೆ ಹಬೆ ಒಳಗೇ ನಿಂತಿತು.

ಹಳೆಯ ಧಣಿಯ ಮೇಲೆ ಅವನಿಗೆ ಈಗಲೂ ಕೋಪವಿಲ್ಲ. "ದೇವರು ಅವರಿಗೆ ಒಳ್ಳೇದು ಮಾಡ್ಲಿ. ಜೊತೆಗೆ ಸ್ವಲ್ಪ ಒಳ್ಳೆ ಬುದ್ಧೀನೂ ಕೊಡ್ಲಿ" ಎನ್ನುತ್ತಾನೆ. ಮಗಳು ಈಗಲೂ ಮೂಗು ಹಿಡಿದುಕೊಳ್ಳುತ್ತಾಳೆ: "ಅಪ್ಪಾ, ನೀನು ಈಗ ಬೆಂಕಿ ವಾಸನೆ!"

ಅಣ್ಣಂದಿರೇ, ಅಕ್ಕಂದಿರೇ, ಧಣಿ ಮಾಡಿಸಿದ ವೀಸಾದ ಮೇಲೆ ಹೊರದೇಶಕ್ಕೆ ಹೊರಟಿದ್ದೀರಾ? ಯಾವ ಕೆಲಸಕ್ಕೆ ಎಂದು ಅದರಲ್ಲಿ ಬರೆದಿದೆ ಎಂಬುದನ್ನು ತಿಳಿದವರಿಂದ ಓದಿಸಿ ಕೇಳಿ. ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ. ಪಾಸ್‌ಪೋರ್ಟು ನಿಮ್ಮ ಕೈಯಲ್ಲೇ ಇರಲಿ. ನಿಯಮ ದೇಶದಿಂದ ದೇಶಕ್ಕೆ ಬೇರೆ. ಆದ್ದರಿಂದ ಅಂದಾಜಿನ ಮೇಲೆ ನಡೆಯದೆ ಅಲ್ಲಿನ ಕಾರ್ಮಿಕ ಇಲಾಖೆಯನ್ನೋ, ನಮ್ಮ ದೇಶದ ರಾಯಭಾರ ಕಚೇರಿಯನ್ನೋ ಕೇಳಿ. ತಪಾಸಣೆಗೆ ಬಂದವರು ಪ್ರಶ್ನಿಸಿದರೆ ಭಾಷೆ ತಿಳಿಯಲಿಲ್ಲವೆಂದು ತಲೆಯಾಡಿಸಬೇಡಿ, ದುಭಾಷಿ ಬೇಕು ಎನ್ನಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ.

ಉಂಡ ಮನೆಗೆ ಎರಡು ಬಗೆಯಬಾರದು, ನಿಜ. ಹಾಗೆಯೇ, ದುಡಿಯುವ ಕೈಗೂ ಎರಡು ಬಗೆಯಬಾರದು.