ಅಳತೆಗೆ ಒಂದು ಬಳೆ

"ಕೈ ಸ್ವಲ್ಪ ಎತ್ತಿ ಅಕ್ಕ," ಎಂದು ದೋಣಿಯ ಉಮ್ಮರ್ ಪದ್ಮಾಕ್ಷಿಯ ಹೆಗಲಿಗೆ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಏರಿಸಿ, ಎದುರಿನ ಬಕಲನ್ನು ಕಟಕ್ಕೆಂದು ಸಿಕ್ಕಿಸಿದ. ಸೆರಗೂ ಸೆರಗಿನೊಳಗೆ ಅವುಚಿಕೊಂಡಿದ್ದ ಕೈಚೀಲವೂ ಜಾಕೆಟಿನಡಿ ಸೇರಿಹೋದವು. ಚೀಲದಲ್ಲಿ ಒಂದು ಬಳೆಯಿತ್ತು. ಎರಡು ಬೆರಳು ತೂರಿಸಿದರೆ ತುಂಬಿಹೋಗುವಷ್ಟು ಸಣ್ಣದು. ಅದನ್ನು ಇವತ್ತು ಮೂಡುಬಿದಿರೆಯ ಕುಸುಮಳ ಕೈಗೆ ಕೊಡಬೇಕು. ಮದುವೆಯ ಬಳೆ ತರುವುದು ಗಂಡಿನ ಕಡೆಯವರು. ಅಳತೆಗೆಂದು ಒಂದನ್ನು ಮೊದಲೇ ಕೊಟ್ಟು ಕಳಿಸುವುದು ಹೆಣ್ಣಿನ ತಾಯಿ.

ಹೆಣ್ಣು, ಪದ್ಮಾಕ್ಷಿಯ ಮಗಳು ವಿಸ್ಮಿತಾ, ಎಷ್ಟೋ ವರ್ಷದ ಹಿಂದೆ, ಐದು ತುಂಬುವ ಮೊದಲೇ ಜ್ವರದಲ್ಲಿ ತೀರಿಹೋದವಳು. ಗಂಡು, ಈ ಕುಸುಮಳ ಮಗ ನಿತೇಶ್, ಎರಡು ವರ್ಷದ ಹಿಂದೆ ಕಾಮಾಲೆಯಲ್ಲಿ ಹೋದವನು. ಇದೇ ದೋಣಿಯ ಮುಂದಿನ ತುದಿಯಲ್ಲಿ ನಿಂತು ಪ್ರವಾಸಿಗರಿಗೆ ಡಾಲ್ಫಿನ್ ತೋರಿಸುವುದು ಅವನ ಕೆಲಸವಾಗಿತ್ತು. ನಮ್ಮ ಕಡೆ ಇದನ್ನು ಕೇಳಿ ಯಾರೂ ಹುಬ್ಬೇರಿಸುವುದಿಲ್ಲ. ಮದುವೆಯಾಗದೆ ಸತ್ತವರಿಗೂ ಆ ಲೋಕದಲ್ಲಿ ಪ್ರಾಯ ಬರುತ್ತದೆ, ಪ್ರಾಯ ಬಂದ ಮೇಲೆ ಜೊತೆ ಬೇಕಾಗುತ್ತದೆ. ಜಾತಿ ಒಂದಾಗಿ ಬಳಿ, ಅಂದರೆ ಗೋತ್ರ, ಬೇರೆಯಾಗಿರುವ ಮನೆ ಹುಡುಕಿ, ಮಳೆಗಾಲದ ಆಟಿ ತಿಂಗಳಲ್ಲಿ ಸೀರೆ, ಬಳೆ, ಕರಿಮಣಿ ಇಟ್ಟು ಕುಲೆಗಳ, ಅಂದರೆ ಸತ್ತವರ ಆತ್ಮಗಳ, ಮದುವೆ ಮಾಡಿಬಿಡುತ್ತಾರೆ. ಊಟಕ್ಕೆ ಪಾಯಸವೂ ಇರುತ್ತದೆ.

ಪದ್ಮಾಕ್ಷಿಗೆ ಇದು ಬೇಕಿರಲಿಲ್ಲ. ಬೇಕಾದದ್ದು ವಿಸ್ಮಿತಾಳ ತಮ್ಮ, ಮಗ ಮನ್ವಿತ್‌ಗೆ. ಅವನಿಗೆ ಬಂದ ಸಂಬಂಧಗಳೆಲ್ಲ ವೀಳ್ಯದ ತನಕ ಬಂದು ಮುರಿದು ಬೀಳುತ್ತಿದ್ದವು. ಜೋಯಿಸರಲ್ಲಿ ಪ್ರಶ್ನೆ ಇಡಿಸಿದಾಗ, ಮನೆಯಲ್ಲಿ ಹಿರಿಯ ಹೆಣ್ಣೊಂದು ಕಾದು ಕುಳಿತಿದೆ, ಅದಕ್ಕೆ ಮೊದಲು ದಾರಿ ಮಾಡಿ ಎಂದು ಕಂಡುಬಂತು. ಗಂಡ ಗುರುವಪ್ಪ ಮಾರನೆಯ ದಿನವೇ ತಮ್ಮೂರು ನೆರಿಯದಿಂದ ಬಸ್ಸು ಹತ್ತಿ ಬಿ.ಸಿ.ರೋಡಿಗೆ ಹೋಗಿ ದಯಾನಂದನನ್ನು ಹಿಡಿದ. ದಯಾನಂದ ಬದುಕಿದ್ದವರಿಗೂ ಸಂಬಂಧ ಹುಡುಕುತ್ತಾನೆ, ಸತ್ತವರಿಗೂ ಹುಡುಕುತ್ತಾನೆ. ಸತ್ತವರದ್ದೇ ಸುಲಭವಂತೆ, ಜಾತಕ ಕೂಡಿ ಬಂದ ಮೇಲೆ ಹುಡುಗಿ ಕಪ್ಪು ಎಂದು ತಗಾದೆ ತೆಗೆಯುವವರಿಲ್ಲ.

ಪದ್ಮಾಕ್ಷಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಆಟಿ ಅಮಾವಾಸ್ಯೆಗೂ ದೀಪಾವಳಿಗೂ ಹಿರಿಯರ ಎಲೆಗಳ ಕೊನೆಯಲ್ಲಿ ಮಗಳಿಗೊಂದು ತುಂಡೆಲೆ ಹಾಕಿ ಬಡಿಸುವುದು ಅವಳಿಗೆ ಉಳಿದಿದ್ದ ಕೆಲಸ. ಮದುವೆಯಾದರೆ ಹೆಣ್ಣು ಆ ಮನೆಯವಳು. ಎಲೆ ಮೂಡುಬಿದಿರೆಗೆ ಹೋಗುತ್ತದೆ. ಅದನ್ನು ಬಾಯಿಬಿಟ್ಟು ಹೇಳಿದರೆ ಬದುಕಿರುವ ಮಗನ ದಾರಿಗೆ ಅಡ್ಡ ನಿಂತ ತಾಯಿಯಾಗುತ್ತಾಳೆ. ಅದಕ್ಕೇ ಅವಳು ಒಂದು ಉಪಾಯ ಹೂಡಿದಳು. "ಹುಡುಗ ಕೆಲಸ ಮಾಡ್ತಿದ್ದ ಜಾಗ ನೋಡದೆ ಹೇಗೆ ಕೊಡುವುದು?" ಎಂದಳು. ಮಳೆ ಹಿಡಿದರೆ ದೋಣಿ ನೀರಿಗಿಳಿಯುವುದಿಲ್ಲ, ಈ ಆಟಿ ಕಳೆದುಹೋದರೆ ಮುಂದಿನದು ಮುಂದೆ ಎಂದುಕೊಂಡಿದ್ದಳು. ದಯಾನಂದನನ್ನು ಅವಳು ಸರಿಯಾಗಿ ಅಂದಾಜು ಮಾಡಿರಲಿಲ್ಲ. ಆ ಪುಣ್ಯಾತ್ಮ ವಾರದೊಳಗೆ, ಮಳೆ ಹಿಡಿಯುವ ಮೊದಲೇ ಕಾರು ತಂದು, ಎರಡೂ ಮನೆಯವರನ್ನು ಬಿ.ಸಿ.ರೋಡಿನಲ್ಲಿ ತುಂಬಿಸಿಕೊಂಡು ದೋಣಿಗಳು ನಿಲ್ಲುವ ಮಂಗಳೂರಿನ ಧಕ್ಕೆಗೆ ತಂದು ನಿಲ್ಲಿಸಿದ್ದ.

ಉಳಿದದ್ದು ಈ ಬಳೆ. ಮಗಳ ಕೈ ಇಷ್ಟೇ, ಈ ಅಳತೆಯ ಕೈಯನ್ನು ಯಾರು ಧಾರೆ ಎರೆಸಿಕೊಳ್ಳುತ್ತಾರೋ ನೋಡುವ ಎಂದು ಅವಳು ಬೆಳಿಗ್ಗೆ ಪೆಟ್ಟಿಗೆಯ ತಳದಿಂದ ಅದನ್ನು ತೆಗೆದಿದ್ದಳು. ಬಳೆ ನೋಡಿದ ಮೇಲೆ ಕುಸುಮ ತಾನಾಗಿಯೇ ಹಿಂದೆ ಸರಿದಾಳು.

ದೋಣಿ ಹೊರಟಿತು. ಧರ್ಮಸ್ಥಳದಲ್ಲಿ ಮುಡಿ ಕೊಟ್ಟು ಬಂದಿದ್ದ ಘಟ್ಟದ ಮೇಲಿನ ಒಂದು ಕುಟುಂಬ ಮುಂದಿನ ಬೆಂಚುಗಳನ್ನು ಹಿಡಿದಿತ್ತು. ಅವರ ಬೋಳು ತಲೆಗಳಿಗೆ ಹಚ್ಚಿದ ಗಂಧ ಬೆವರಿಗೆ ಇಳಿಯುತ್ತಿತ್ತು. "ತಿಮಿಂಗಿಲ ಬರುತ್ತಾ?" ಎಂದು ಅವರಲ್ಲೊಬ್ಬ ಕೇಳಿದ. "ಅದಕ್ಕೆ ಇನ್ನೂ ತುಂಬಾ ಹೊರಗೆ ಹೋಗ್ಬೇಕು ಸರ್. ನಾವು ಅಳಿವೆ ಬಾಗಿಲಿನವರೆಗೆ ಮಾತ್ರ. ಡಾಲ್ಫಿನ್ ಸಿಗ್ತದೆ, ಅದೃಷ್ಟ ಬೇಕು," ಎಂದ ಉಮ್ಮರ್.

ಹೊಳೆ ಸಮುದ್ರಕ್ಕೆ ಸೇರುವ ಜಾಗವೇ ಅಳಿವೆ ಬಾಗಿಲು. ನಮ್ಮ ನೆರಿಯ ಹೊಳೆಯ ನೀರು ಕೂಡ ನೇತ್ರಾವತಿಗೆ ಬಿದ್ದು ಇಲ್ಲಿಗೇ ಬರುವುದು ಎಂದು ಗುರುವಪ್ಪ ತನಗೇ ಈಗ ಹೊಳೆದವನಂತೆ ಹೇಳಿದ. ಪದ್ಮಾಕ್ಷಿ ನೋಡಿದಳು. ಹುಟ್ಟಿದಂದಿನಿಂದ ಸಮುದ್ರ ಕಂಡವಳಲ್ಲ, ಏನಾದರೂ ಅನಿಸಬೇಕಿತ್ತು. ಏನೂ ಅನಿಸಲಿಲ್ಲ. ಅಂಗಳದಲ್ಲಿ ಒಣಗಲು ಹಾಕಿದ ರಬ್ಬರ್ ಶೀಟುಗಳ ನೆನಪಾಯಿತು, ಅಷ್ಟೆ. ಮಗಳು ಹೋದ ಮೇಲೆ ಅವಳಿಗೆ ಎಲ್ಲವೂ ಹೀಗೇ. ಅಳು ಬರುತ್ತಿತ್ತು ಮೊದಮೊದಲು. ಆಮೇಲೆ ಅದೂ ನಿಂತು, ಎದೆಯ ಆ ಜಾಗ ಹೆಚ್ಚು ಹೊತ್ತು ಮಡಚಿಟ್ಟ ಕಾಲಿನ ಹಾಗೆ ಜೋಮು ಹಿಡಿದುಹೋಗಿತ್ತು.

"ಹುಡುಗ ಕುಡೀತಿದ್ದನಾ?" ಗುರುವಪ್ಪ ಇದ್ದಕ್ಕಿದ್ದಂತೆ ಕೇಳಿದ.

"ಎಂತ ಕೇಳ್ತೀರಿ ಮಾರಾಯ್ರೆ, ಇನ್ನು ಕುಡಿದ್ರೆಷ್ಟು ಬಿಟ್ರೆಷ್ಟು!" ದಯಾನಂದ ನಕ್ಕ.

ಕುಸುಮ ನಗಲಿಲ್ಲ. "ಇಲ್ಲ, ಮುಟ್ತಿರ್ಲಿಲ್ಲ," ಎಂದಳು, ಬದುಕಿರುವ ಮಗನ ಮೇಲೆ ಬಂದ ಮಾತಿಗೆ ಉತ್ತರ ಕೊಡುವವಳ ಹಾಗೆ. ಮತ್ತೆ ಪದ್ಮಾಕ್ಷಿಯ ಕಡೆ ತಿರುಗಿದಳು. "ನಾನು ಸಹ ಈ ದೋಣಿ ಹತ್ತಿದ್ದು ಇವತ್ತೇ. ಬಾ ಅಮ್ಮ, ಒಮ್ಮೆ ಬಾ ಅಂತ ಎಷ್ಟು ಕರ್ದಿದ್ದ! ಬೀಡಿ ಕಟ್ಟುದು ಬಿಟ್ಟು ಎಲ್ಲಿಗೆ ಬರುದು ಅಂತ ಬೈದೆ. ಒಂದು ದಿವಸ ಬಂದಿದ್ರೆ ಗಂಟೇನು ಹೋಗ್ತಿತ್ತು, ಹೇಳಿ?"

ಪದ್ಮಾಕ್ಷಿ ದೋಣಿಯ ಮುಂದಿನ ತುದಿಯ ಕಡೆ ನೋಡಿದಳು.

"ಮಕ್ಕಳು ಬಂದ್ರೆ ಬೈತಿದ್ದನಾ?" ಎಂದು ಕೇಳಿದಳು ಕೊನೆಗೆ. ಅವಳು ಆ ಹುಡುಗನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಉತ್ತರ ಕೊಟ್ಟವನು ಉಮ್ಮರ್. "ನಿತೇಶನಾ? ಬೈಯುದು ಬಿಡಿ ಅಕ್ಕ. ಹೆದರಿ ಅಳುವ ಮಕ್ಕಳನ್ನೆಲ್ಲ ತನ್ನ ಹತ್ರ ಕೂರಿಸ್ಕೊಳ್ತಿದ್ದ. ವಾಂತಿ ಮಾಡಿದ್ರೂ ಅವನೇ ತೊಳೀತಿದ್ದ. ಅವ ಹೋದ ಮೇಲೆ ಆ ಕೆಲಸವೂ ನನ್ನ ತಲೆಗೇ ಬಂತು ನೋಡಿ."

ಅಳಿವೆ ಬಾಗಿಲಿನಲ್ಲಿ ಉಮ್ಮರ್ ಇಂಜಿನ್ ನಿಲ್ಲಿಸಿದ. ದೋಣಿ ಎದ್ದು ಕುಳಿತು ತೂಗತೊಡಗಿತು. ಒಂದು ಕಡೆ ಹೊಳೆಯ ಮಣ್ಣು ಬಣ್ಣ, ಇನ್ನೊಂದು ಕಡೆ ಸಮುದ್ರದ ಹಸಿರು, ನಡುವೆ ಕಸಕಡ್ಡಿಯ ಒಂದು ಗೆರೆ. ಬಹಳ ಹೊತ್ತು ಏನೂ ಕಾಣಲಿಲ್ಲ. ಬೋಳುತಲೆಯವರು ಚಕ್ಕುಲಿ ತೆಗೆದರು. ಇದೆಲ್ಲ ಮೋಸ ಎಂದು ಅವರಲ್ಲೊಬ್ಬ ಗೊಣಗುತ್ತಿರುವಾಗ ಎಡಗಡೆ ನೀರು ಸೀಳಿ ಬೂದು ಬೆನ್ನೊಂದು ಎದ್ದಿತು, ಪುಸ್ಸೆಂದು ಉಸಿರು ಬಿಟ್ಟು ಮುಳುಗಿತು. ಅದರ ಹಿಂದೆಯೇ ಇನ್ನೊಂದು. ದೋಣಿಯವರೆಲ್ಲ ಒಂದೇ ಕಡೆಗೆ ನುಗ್ಗಿದರು. "ಕೂತ್ಕೊಳ್ಳಿ, ಕೂತ್ಕೊಳ್ಳಿ! ಎಲ್ಲ ಸೇರಿ ಮುಳುಗಿಸ್ತೀರಾ?" ಎಂದು ಉಮ್ಮರ್ ಕೂಗಿದ.

ಕುಸುಮ ಮಾತ್ರ ಕುಳಿತಲ್ಲಿಂದಲೇ ಕತ್ತು ಉದ್ದ ಮಾಡಿ ಯಾವುದನ್ನೋ ಹುಡುಕುತ್ತಿದ್ದಳು. "ಒಂದು ಮರಿ ಇತ್ತಲ್ಲ ಉಮ್ಮರ್, ಬೆನ್ನಿನ ರೆಕ್ಕೆ ಹರಿದದ್ದು? ಅವ ದಿನಾ ಫೋನಿನಲ್ಲಿ ತೋರಿಸ್ತಿದ್ದ. ಬಲೆಗೆ ಸಿಕ್ಕಿ ಹರಿದದ್ದಂತೆ. ಬದುಕುದಿಲ್ಲ ಅಂತ ನೀವೆಲ್ಲ ಹೇಳಿದ್ದಿರಂತೆ, ಬದುಕ್ತದೆ ಅಂತ ಅವ. ಅದು ಬರುದಿಲ್ವಾ ಈಗ?"

"ಅದೇ ಅಲ್ವಾ ಅಲ್ಲಿ, ಮುಂದಿನದು."

ಮುಂದಿನದು ಮತ್ತೊಮ್ಮೆ ಎದ್ದಿತು. ಬೆನ್ನ ಮೇಲಿನ ರೆಕ್ಕೆಯಲ್ಲಿ ಹಲ್ಲು ಕಚ್ಚಿ ತೆಗೆದಂಥ ಒಂದು ಗಾಯ, ವಾಸಿಯಾಗಿ ನುಣ್ಣಗಾಗಿತ್ತು. ಪಕ್ಕದಲ್ಲಿ ಎದ್ದ ತಾಯಿಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ.

"ಅದಲ್ಲ," ಎಂದಳು ಕುಸುಮ. "ಅದು ಸಣ್ಣದು. ಇಷ್ಟೇ ಇತ್ತು." ತೋಳುಗಳನ್ನು ಮಗುವನ್ನು ಎತ್ತಿಕೊಂಡವಳಂತೆ ಹಿಡಿದು ತೋರಿಸಿದಳು.

"ಆಗ ಸಣ್ಣದಿತ್ತು ಅಕ್ಕ," ಎಂದ ಉಮ್ಮರ್. "ಎಷ್ಟು ಸಮಯ ಆಯ್ತು! ನಾವು ನೋಡದಿದ್ರೆ ಅದು ಬೆಳೆಯುದಿಲ್ವಾ?"

ಕುಸುಮ ತೋಳುಗಳನ್ನು ಹಾಗೇ ಹಿಡಿದುಕೊಂಡಿದ್ದಳು. ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ. ಪದ್ಮಾಕ್ಷಿ ಅವಳ ತೋಳುಗಳನ್ನು ನೋಡಿದಳು, ನೀರನ್ನು ನೋಡಿದಳು. ಎರಡು ಬೆನ್ನುಗಳು ಜೊತೆಯಾಗಿ ಎದ್ದು ಜೊತೆಯಾಗಿ ಮುಳುಗಿದವು. ಮುಂದಿನ ಸಲ ಗಾಯದ ರೆಕ್ಕೆಯದು ಬೇರೆ ದಿಕ್ಕಿನಲ್ಲಿ, ತಾಯಿಯಿಂದ ಎಷ್ಟೋ ದೂರದಲ್ಲಿ ಕಾಣಿಸಿತು. ತಾಯಿ ಅದರ ಹಿಂದೆ ಹೋಗಲಿಲ್ಲ. ಪದ್ಮಾಕ್ಷಿಯ ಎದೆಯೊಳಗೆ ಎಲ್ಲಿಯೋ ಸಣ್ಣಗೆ ಚುಚ್ಚಿದಂತಾಯಿತು. ಜೋಮು ಬಿಡುವಾಗ ಮೊದಲು ಆಗುವಂಥದ್ದು.

ಉಮ್ಮರ್ ದೋಣಿಯನ್ನು ಹಿಂದಕ್ಕೆ ತಿರುಗಿಸಿದ. ಬೋಳುತಲೆಯ ಮಕ್ಕಳು ನಿದ್ದೆ ಹೋಗಿದ್ದರು. ಧಕ್ಕೆ ಹತ್ತಿರ ಬಂದಾಗ ಕುಸುಮ ಸ್ವಲ್ಪ ಸಂಕೋಚದಿಂದಲೇ ಪದ್ಮಾಕ್ಷಿಯ ಕಡೆ ಸರಿದಳು.

"ಒಂದು ಕೇಳ್ಬೇಕಿತ್ತು. ಆಟಿಯಲ್ಲಿ ಎಲೆ ಹಾಕ್ತೇವಲ್ಲ ನಾವು. ಇವನಿಗೆ ಮೀನಿದ್ರೆ ಸಾಕು. ಅವಳಿಗೆ ಎಂತ ಇಷ್ಟ?"

ಇಷ್ಟು ವರ್ಷ ಪದ್ಮಾಕ್ಷಿ ಆ ತುಂಡೆಲೆಗೆ ಏನು ಬಡಿಸುತ್ತಾಳೆಂದು ಯಾರೂ ಕೇಳಿದವರಿರಲಿಲ್ಲ.

"ಹಲಸಿನ ಹಣ್ಣಿನ ಗಟ್ಟಿ," ಎಂದಳು. "ತೇಗದ ಎಲೆಯಲ್ಲಿ ಬೇಯಿಸಿದ್ದು. ಬೆಲ್ಲ ಸ್ವಲ್ಪ ಜಾಸ್ತಿ ಇರ್ಲಿ. ಖಾರ ತಿನ್ತಿರ್ಲಿಲ್ಲ." ನೀರಿನ ಕಡೆ ತಿರುಗಿದಳು. "ಅದು ಆಗ. ಈಗ ತಿನ್ತಾಳೋ ಏನೋ, ನನಗೆ ಗೊತ್ತಿಲ್ಲ."

"ನೋಡ್ಕೊಳ್ತೇನೆ," ಎಂದಳು ಕುಸುಮ.

"ಹಾಗಾದ್ರೆ ಆ ಅಳತೆಯ ಬಳೆ ಒಂದು ಕೊಟ್ಟುಬಿಡಿ ಅಕ್ಕ," ದಯಾನಂದ ಹಿಂದಿನ ಬೆಂಚಿನಿಂದ ಎದ್ದ. "ಮತ್ತೆ ಅದಕ್ಕಾಗಿ ನೆರಿಯಕ್ಕೆ ಬರುದು ಬೇಡ. ತಂದಿದ್ದೀರಲ್ಲ?"

ಗುರುವಪ್ಪ ಹೆಂಡತಿಯ ಮುಖ ನೋಡಿದ. ಬೆಳಿಗ್ಗೆ ಅವಳು ಪೆಟ್ಟಿಗೆಯಿಂದ ಏನು ತೆಗೆದಳೆಂದು ಅವನಿಗೆ ಗೊತ್ತಿತ್ತು. ಪದ್ಮಾಕ್ಷಿಯ ಕೈ ಜಾಕೆಟಿನ ಅಂಚಿನಡಿ ಹೋಯಿತು. ಚೀಲದ ಬಟ್ಟೆಯ ಮೇಲಿಂದಲೇ ಆ ಪುಟ್ಟ ಬಳೆಯ ಉರುಟು ಬೆರಳಿಗೆ ಸಿಕ್ಕಿತು. ಅಲ್ಲಿಯೇ ಸ್ವಲ್ಪ ಹೊತ್ತು ಇದ್ದು ಕೈ ಬರಿದೇ ಹೊರಗೆ ಬಂತು.

ಆಮೇಲೆ ಅವಳು ತನ್ನ ಎಡಗೈಯ ಹಸಿರು ಗಾಜಿನ ಬಳೆಗಳಲ್ಲಿ ಒಂದನ್ನು ಹಿಡಿದು ಎಳೆಯತೊಡಗಿದಳು. ಕೆಲಸದ ಕೈ, ಗೆಣ್ಣು ದಪ್ಪಗಾಗಿ ಬಳೆ ಸುಲಭಕ್ಕೆ ಬರಲಿಲ್ಲ. ದೋಣಿಯ ಪಕ್ಕಕ್ಕೆ ಬಗ್ಗಿ ಕೈಯನ್ನು ನೀರಿಗೆ ಅದ್ದಿ, ಹೆಬ್ಬೆರಳು ಒಳಗೆ ಮಡಚಿ, ಹಲ್ಲು ಕಚ್ಚಿ ಜಾರಿಸಿದಳು. ಬಳೆ ಒಡೆಯದೆ ಬಂತು, ಗೆಣ್ಣಿನ ಮೇಲೆ ಕೆಂಪಗೆ ಗೀರು ಉಳಿಯಿತು.

"ಇದು ತಕ್ಕೊಳ್ಳಿ," ಎಂದು ಕುಸುಮಳ ಅಂಗೈಯಲ್ಲಿಟ್ಟಳು. "ಅವಳದ್ದು ನನ್ನದೇ ಕೈ. ಈಗ ಇಷ್ಟಾಗ್ತಿತ್ತು."

ಕುಸುಮ ಒದ್ದೆ ಬಳೆಯನ್ನು ಸೆರಗಿನ ತುದಿಗೆ ಕಟ್ಟಿ, ಬಿಚ್ಚಿಹೋಗದಂತೆ ಮೇಲೆ ಇನ್ನೊಂದು ಗಂಟು ಹಾಕಿದಳು. ದೋಣಿ ಧಕ್ಕೆಯ ಟಯರಿಗೆ ತಾಗಿ ನಿಂತಿತು. ಉಮ್ಮರ್ ಒಬ್ಬೊಬ್ಬರದೇ ಬಕಲು ಬಿಚ್ಚಿ ಜಾಕೆಟುಗಳನ್ನು ಒಂದರ ಮೇಲೊಂದು ರಾಶಿ ಹಾಕುತ್ತ ಬಂದು ಪದ್ಮಾಕ್ಷಿಯ ಎದುರು ನಿಂತ.

ಅವಳು ಎರಡೂ ಕೈಗಳನ್ನು ಜಾಕೆಟಿನ ಮೇಲೆ, ಅಡಿಯಲ್ಲಿ ಚೀಲವಿದ್ದ ಜಾಗದಲ್ಲಿ, ಒತ್ತಿ ಹಿಡಿದುಕೊಂಡಿದ್ದಳು. "ಸ್ವಲ್ಪ ಹೊತ್ತು ಇರ್ಲಿ," ಎಂದಳು.